ಗಣಕಯಂತ್ರಕ್ಕೂ ಜ್ವರ ಬರುತ್ತದೆ

ಹೋದ ಡಿಸೆಂಬರಿನ ಚಳಿಯಲ್ಲಿ ನನ್ನ ಅಕ್ಕನ ಮಗ ತನ್ನ ಕಂಪ್ಯೂಟರಿನ ವೇಗವನ್ನು ಹೆಚ್ಚಿಸಿದ. ಅಕ್ಕ ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ ಹಿಡಿದುಕೊಂಡು, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿ, ಒಂದೊಂದೇ ಭಾಗವನ್ನು ಕೊಂಡು ತಂದು ಅವನೇ ಜೋಡಿಸಿದ ಯಂತ್ರವದು. “ನೋಡಿ ಮಾವ, ಒಂದು ಪೈಸೆ ಖರ್ಚಿಲ್ಲದೆ ಎಷ್ಟು ಚುರುಕಾಯಿತು!” ಎಂದು ಅವನು ಹಿಗ್ಗಿದಾಗ, ಕನ್ನಡ ಪಾಠ ಹೇಳುವ ನಾನು ತಲೆದೂಗಿದೆನೇ ಹೊರತು ಮತ್ತೇನನ್ನೂ ಕೇಳಲಿಲ್ಲ.

ಕೇಳಬೇಕಾಗಿತ್ತು. ಏಕೆಂದರೆ ಏಪ್ರಿಲ್ ತಿಂಗಳಲ್ಲಿ ನನ್ನದೊಂದು ಕೆಲಸವನ್ನು ಆ ಯಂತ್ರಕ್ಕೆ ಒಪ್ಪಿಸಿದೆ. ತೀರಿಕೊಂಡ ನಮ್ಮ ತಾಯಿಯವರು ಹಾಡಿದ್ದ ೪೦ ಬೀಸುವ ಪದಗಳನ್ನು ನಾನು ಹಿಂದೆ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದೆ. ಅವುಗಳಿಂದ ಹಿನ್ನೆಲೆಯ ಗದ್ದಲವನ್ನು ತೆಗೆದು ಶುದ್ಧಗೊಳಿಸುವ ಕೆಲಸ ರಾತ್ರಿಯೆಲ್ಲ ನಡೆಯುವಂತಹದು. ಸೊಳ್ಳೆಗೆ ಹೆದರಿ ಕಿಟಕಿಯನ್ನು ಮುಚ್ಚಿ, ಯಂತ್ರವನ್ನು ಓಡಲು ಬಿಟ್ಟು ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ ಅದು ನಡುರಾತ್ರಿಯಲ್ಲಿ ತಾನಾಗಿ ನಿಂತು, ಮತ್ತೆ ತಾನಾಗಿ ಆರಂಭವಾಗಿತ್ತು. ೩೭ ಹಾಡುಗಳ ಮೂಲಪ್ರತಿ ಬೇರೆಡೆ ಇತ್ತು, ಮೂರರದು ಇರಲಿಲ್ಲ. ಆ ಮೂರು ಕಡತಗಳು ಇಂದಿಗೂ ತೆರೆಯುವುದಿಲ್ಲ.

ಹೀಗೇಕಾಯಿತೆಂದು ತಿಳಿಯುವ ಹಟದಿಂದ ಮಾವ ಸೋದರಳಿಯರಿಬ್ಬರೂ ಓದಿ, ಅಳೆದು ಕಂಡುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ಇಂಥ ಯಂತ್ರವೂ ಇಂಥ ಉತ್ಸಾಹವೂ ಇರುವ ಮನೆಗಳು ಇಂದು ಅನೇಕ. ಅವರಿಗಾದರೂ ಇದು ಉಪಯೋಗಕ್ಕೆ ಬಂದೀತು.

ವೇಗಕ್ಕೆ ತೆರುವ ಬೆಲೆ

ಕಂಪ್ಯೂಟರಿನ ಮೆದುಳೆನಿಸಿದ ಪ್ರೊಸೆಸರ್ ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ತಾಳ. ತಯಾರಕರು ಗೊತ್ತುಮಾಡಿದ ತಾಳವನ್ನು ಮೀರಿ ಅದನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಈ ಹವ್ಯಾಸಕ್ಕೆ ಬಹಳ ಪ್ರಸಿದ್ಧಿ ತಂದದ್ದು ೧೯೯೮ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಸೆಲೆರಾನ್ ೩೦೦ಎ. ೩೦೦ ಮೆಗಾಹರ್ಟ್ಸಿನದೆಂದು ಮಾರಾಟವಾದ ಆ ಅಗ್ಗದ ಪ್ರೊಸೆಸರ್, ಮದರ್‌ಬೋರ್ಡಿನ ತಾಳವನ್ನು ೬೬ರಿಂದ ೧೦೦ ಮೆಗಾಹರ್ಟ್ಸಿಗೆ ಏರಿಸಿದಾಗ, ಎಷ್ಟೋ ಸಲ ೪೫೦ರಲ್ಲಿ ನಿರಾತಂಕವಾಗಿ ಓಡುತ್ತಿತ್ತು. ಅಂದು ತಯಾರಕರು ಉಳಿಸಿರುತ್ತಿದ್ದ ಅಂತರ ಅಷ್ಟು ದೊಡ್ಡದು. ಇಂದಿನ ಪ್ರೊಸೆಸರ್‌ಗಳಾದರೋ ತಮ್ಮ ಶಾಖವನ್ನೂ ವಿದ್ಯುತ್ತನ್ನೂ ತಾವೇ ಅಳೆದುಕೊಂಡು, ಅವಕಾಶವಿದ್ದಷ್ಟು ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಆದುದರಿಂದ ಕೈಯಾರೆ ಏರಿಸುವವನಿಗೆ ಉಳಿಯುವ ಲಾಭ ಅಲ್ಪ.

ತೆರುವ ಬೆಲೆ ಮಾತ್ರ ಅಲ್ಪವಲ್ಲ. ಹೆಚ್ಚಿನ ವೇಗದಲ್ಲಿ ಯಂತ್ರ ತಪ್ಪದೆ ನಡೆಯಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಕೆಲಸದಲ್ಲಿ ತೊಡಗಿದ ಚಿಪ್ಪಿನ ಶಾಖದ ಬಹುಪಾಲು ವೇಗದೊಡನೆ ಏರುವುದಲ್ಲದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ನಮ್ಮ ಹುಡುಗ ವೇಗವನ್ನು ೪.೫ ಗಿಗಾಹರ್ಟ್ಸಿನಿಂದ ೫ಕ್ಕೆ ಏರಿಸಲು ೧.೨೦ ವೋಲ್ಟನ್ನು ೧.೩೫ ಮಾಡಿದ್ದ. ಲೆಕ್ಕ ಹಾಕಿ ನೋಡಿರಿ: ವೇಗದಲ್ಲಿ ಶೇಕಡ ೧೧ ಹೆಚ್ಚಳ, ಶಾಖದಲ್ಲಿ ಸುಮಾರು ಶೇಕಡ ೪೦! ನೂರು ವ್ಯಾಟಿದ್ದುದು ನೂರ ನಲವತ್ತಾಯಿತು. ಅದೂ ಅಂಚೆಚೀಟಿಗಿಂತ ಚಿಕ್ಕದಾದ ಸಿಲಿಕಾನ್ ಬಿಲ್ಲೆಯ ಮೇಲೆ.

ಈ ಲೆಕ್ಕಕ್ಕೆ ದೊಡ್ಡವರೂ ತಲೆಬಾಗಬೇಕಾಯಿತು. ೨೦೦೪ರಲ್ಲಿ ಇಂಟೆಲ್ ತಾನು ಪ್ರಕಟಿಸಿದ್ದ ೪ ಗಿಗಾಹರ್ಟ್ಸಿನ ಪೆಂಟಿಯಂ ೪ನ್ನು ಕೈಬಿಟ್ಟಿತು. ವೇಗವೊಂದನ್ನೇ ಏರಿಸುತ್ತ ಹೋಗುವ ದಾರಿಯಲ್ಲಿ ಶಾಖವು ಗೋಡೆಯಂತೆ ಅಡ್ಡನಿಂತುದರಿಂದ, ಒಂದೇ ಪ್ರೊಸೆಸರಿನಲ್ಲಿ ಹಲವು ಕೋರ್‌ಗಳನ್ನು ಇಡುವ ದಾರಿಗೆ ಉದ್ಯಮವು ತಿರುಗಿತು.

ಎಷ್ಟು ಬಿಸಿ ಕ್ಷೇಮ?

ಮನುಷ್ಯನ ಮೈಗೆ ೩೭ ಡಿಗ್ರಿ ಸೆಲ್ಸಿಯಸ್ ಎಂಬ ಒಂದೇ ಲೆಕ್ಕವುಂಟು, ಪ್ರೊಸೆಸರ್‌ಗಳಿಗೆ ಹಾಗಿಲ್ಲ. ಇಂಟೆಲ್ ಸಂಸ್ಥೆಯ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ ೧೦೦ ಡಿಗ್ರಿ. ಎಎಂಡಿ ಸಂಸ್ಥೆಯ ರೈಜನ್ ೭ ೫೮೦೦ಎಕ್ಸ್‌ನದು ೯೦. ರೈಜನ್ ೭೦೦೦ ಮಾಲೆಯ ಅನೇಕವುಗಳದು ೯೫. ಅದೇ ಮಾಲೆಯ ೭೮೦೦ಎಕ್ಸ್೩ಡಿಯದು ೮೯. ನಮ್ಮ ಪ್ರೊಸೆಸರಿನ ಮಿತಿ ಯಾವುದೆಂದು ತಯಾರಕರ ವಿವರಣೆಯಲ್ಲಿ ನೋಡಿಕೊಳ್ಳುವುದೇ ಮೊದಲ ಕರ್ತವ್ಯ.

ಮಿತಿ ಮುಟ್ಟಿದೊಡನೆ ಇಂದಿನ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ. ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಇನ್ನೂ ಬಿಸಿಯಾದರೆ ಯಂತ್ರವನ್ನೇ ನಿಲ್ಲಿಸುತ್ತದೆ. ಹಿಂದೆ ಎಲ್ಲಕ್ಕೂ ಈ ರಕ್ಷಣೆ ಇರಲಿಲ್ಲ. ೨೦೦೧ರಲ್ಲಿ ನಡೆದು ಪ್ರಸಿದ್ಧವಾದ ಒಂದು ಪರೀಕ್ಷೆಯಲ್ಲಿ, ಓಡುತ್ತಿದ್ದ ಪ್ರೊಸೆಸರ್‌ಗಳ ಮೇಲಿನ ಕೂಲರನ್ನು ಕಿತ್ತು ತೆಗೆದರು. ಪೆಂಟಿಯಂ ೪ ನಿಧಾನವಾಗಿಯಾದರೂ ಓಡುತ್ತಲೇ ಇತ್ತು. ಅಂದಿನ ಅಥ್ಲಾನ್ ನೋಡನೋಡುತ್ತಿದ್ದಂತೆ ಹೊಗೆಯಾಡಿ ಸುಟ್ಟಿತು.

ಹಾಗಾದರೆ ಮಿತಿಯವರೆಗೂ ಓಡಿಸಬಹುದೇ? ಮಿತಿ ೧೦೦ ಇರುವಲ್ಲಿ, ಪೂರ್ತಿ ಭಾರ ಹೊತ್ತಾಗಲೂ ೮೦ ಡಿಗ್ರಿಯೊಳಗಿದ್ದರೆ ನೆಮ್ಮದಿಯಿಂದಿರಬಹುದು. ೮೦ರಿಂದ ೯೦ರ ನಡುವೆ ಎಚ್ಚರ ಬೇಕು. ೯೦ ದಾಟಿದರೆ ವೇಗ ಹೆಚ್ಚಿಸುವ ಆಸೆಯನ್ನು ಬಿಡುವುದೇ ಜಾಣತನ. ರೈಜನ್ ೭೦೦೦ ಮಾಲೆಯ ಬಲಿಷ್ಠ ಪ್ರೊಸೆಸರ್‌ಗಳು ಮಾತ್ರ ಭಾರವಾದ ಕೆಲಸದಲ್ಲಿ ೯೫ರವರೆಗೆ ಹೋಗುವಂತೆಯೇ ರಚಿತವಾದವು. ಅಲ್ಲಿ ಆ ಅಂಕಿಯನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಇನ್ನೊಂದು ಮಾತು. ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಗಿಂತ ತಂಪಾಗಿಸಲಾರದು. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ನಾವು ಎಡವಿದ್ದು ಇಲ್ಲಿಯೇ. ಡಿಸೆಂಬರಿನಲ್ಲಿ ೨೨ ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿದಾಗ ೮೪ ಬಂದಿತ್ತು. ಏಪ್ರಿಲಿನಲ್ಲಿ ಕಿಟಕಿ ಮುಚ್ಚಿದ ಅದೇ ಕೋಣೆ ೩೪ ಡಿಗ್ರಿ. ಮತ್ತೆ ಅಳೆದಾಗ ಪ್ರೊಸೆಸರ್ ೯೬. ನೂರರ ಮಿತಿಯನ್ನು ಮುಟ್ಟಲಿಲ್ಲ, ನಿಜ. ಆದರೆ ೮೪ರಲ್ಲಿ ಹೇಗೋ ಸರಿಯಾಗಿ ನಡೆಯುತ್ತಿದ್ದ ಲೆಕ್ಕ ೯೬ರಲ್ಲಿ ತಪ್ಪಿತು. ಬೆಂಗಳೂರಿನಲ್ಲೇ ಹೀಗಾದರೆ, ಬೇಸಗೆಯಲ್ಲಿ ೪೦ ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನವರು ಇನ್ನೆಷ್ಟು ಎಚ್ಚರದಿಂದಿರಬೇಕು!

ಶಾಖವು ಕಾಣುವ ಜ್ವರವಾದರೆ, ಹೆಚ್ಚಿನ ವೋಲ್ಟೇಜು ಕಾಣದ ಗೆದ್ದಲು. ೨೦೨೪ರಲ್ಲಿ ಇಂಟೆಲ್‌ನ ೧೩ ಮತ್ತು ೧೪ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು, ಯಾರೂ ಕೈಯಾಡಿಸದಿದ್ದರೂ, ಅಸ್ಥಿರವಾಗತೊಡಗಿದುವು. ಮಿತಿಮೀರಿದ ವೋಲ್ಟೇಜಿನಿಂದ ಅವು ಅಕಾಲದಲ್ಲಿ ಸವೆದಿದ್ದವು. ಸಂಸ್ಥೆಯು ತಿದ್ದುಪಡಿಯನ್ನು ಹೊರಡಿಸಿ, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ಬರುವುದು ಮದರ್‌ಬೋರ್ಡಿನ ಬಯೋಸ್ ಮೂಲಕ. ಆದುದರಿಂದ ಅಂಥ ಯಂತ್ರವಿರುವವರು ಅದನ್ನು ನವೀಕರಿಸುವುದು ಅಗತ್ಯ. ಸವೆದ ಚಿಪ್ಪು ಮಾತ್ರ ಯಾವ ತಿದ್ದುಪಡಿಯಿಂದಲೂ ಮೊದಲಿನಂತಾಗದು.

ತಂಪಿನ ಉಪಾಯಗಳು

ಕೂಲರಿನ ತಾಮ್ರದ ಕೊಳವೆಗಳೊಳಗೆ ಸ್ವಲ್ಪ ದ್ರವವಿರುತ್ತದೆ. ಅದು ಬಿಸಿಯ ಕಡೆ ಆವಿಯಾಗಿ, ಲೋಹದ ರೆಕ್ಕೆಗಳ ಕಡೆ ತಣಿದು ಮತ್ತೆ ದ್ರವವಾಗಿ, ಶಾಖವನ್ನು ಹೊತ್ತೊಯ್ಯುತ್ತದೆ. ಫ್ಯಾನು ಅದನ್ನು ಗಾಳಿಗೆ ತೂರುತ್ತದೆ. ನೀರಿನ ಕೂಲರಿನಲ್ಲಿ ಈ ಕೆಲಸವನ್ನು ಪಂಪಿನಿಂದ ಸುತ್ತುವ ದ್ರವ ಮಾಡುತ್ತದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಥರ್ಮಲ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿದರೆ ಸಾಕು. ಹೊಸ ಕೂಲರಿನ ಅಡಿಯಲ್ಲಿ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆತು ಪರದಾಡುವವರೂ ಉಂಟು! ಪೆಟ್ಟಿಗೆಯ ಮುಂದಿನಿಂದ ತಣ್ಣನೆಯ ಗಾಳಿ ಒಳಬಂದು ಹಿಂದಿನಿಂದಲೂ ಮೇಲಿನಿಂದಲೂ ಹೊರಹೋಗುವಂತಿರಬೇಕು. ಗೋಡೆಗೆ ಒತ್ತಿ ಇಡಬಾರದು. ಕೆಲವು ತಿಂಗಳಿಗೊಮ್ಮೆ ಧೂಳು ತೆಗೆಯಬೇಕು.

೨೦೨೩ರಲ್ಲಿ ಒಂದು ಪ್ರೊಸೆಸರನ್ನು ೯ ಗಿಗಾಹರ್ಟ್ಸಿಗೂ ಮೀರಿ ಓಡಿಸಿದ ದಾಖಲೆಯಾಯಿತು. ಅದಕ್ಕೆ ಬಳಸಿದ್ದು ದ್ರವರೂಪದ ಹೀಲಿಯಂ. ಅದರ ಕುದಿಬಿಂದು ಸೊನ್ನೆಗಿಂತ ಕೆಳಗೆ ೨೬೯ ಡಿಗ್ರಿ. ಅದು ಪ್ರದರ್ಶನದ ಮಾತು, ಸಂಸಾರದ ಮಾತಲ್ಲ. ಸಂಸಾರವಂದಿಗರ ಯಂತ್ರದಲ್ಲಿ ವೇಗ ಹೆಚ್ಚಿಸಲೇಬೇಕೆಂದರೆ ಒಂದೊಂದೇ ಮೆಟ್ಟಿಲು ಏರಬೇಕು. ಪ್ರತಿ ಮೆಟ್ಟಿಲಲ್ಲೂ ಗಂಟೆಗಟ್ಟಲೆ ಭಾರ ಹೊರಿಸಿ ಶಾಖವನ್ನು ಅಳೆಯಬೇಕು. ಆ ಪರೀಕ್ಷೆಯನ್ನು ಬೇಸಗೆಯಲ್ಲಿ ಮಾಡಬೇಕು. ಖಾತರಿ ರದ್ದಾಗಬಹುದೆಂಬುದನ್ನೂ ನೆನಪಿಡಬೇಕು. ಎಲ್ಲಕ್ಕೂ ಮೊದಲು, ಬೆಲೆಬಾಳುವ ಕಡತಗಳ ಪ್ರತಿಯನ್ನು ಬೇರೊಂದೆಡೆ ಇಡಬೇಕು.

ನಮ್ಮ ಹುಡುಗ ಈಗ ಹಳೆಯ ವೇಗಕ್ಕೇ ಮರಳಿದ್ದಾನೆ. ಉಳಿದ ೩೭ ಹಾಡುಗಳನ್ನು ಅವನೇ ಕೂತು ಶುದ್ಧಗೊಳಿಸಿಕೊಟ್ಟ; ಯಂತ್ರ ೭೪ ಡಿಗ್ರಿ ಮೀರಲಿಲ್ಲ. ಅವಸರದಿಂದ ಬೀಸಿದರೆ ಕಲ್ಲು ಕಾದು ಹಿಟ್ಟು ಕೆಡುತ್ತದೆ ಎಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಅದನ್ನು ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮೂರು ಹಾಡು ನಿಮಗೆ ಬಾಯಿಗೆ ಬರುತ್ತದೆಯೇ ಮಾವ?” ಎಂದು ಕೇಳಿದ. ಒಂದು ಪೂರ್ತಿ ಬರುತ್ತದೆ, ಇನ್ನೊಂದು ಅರ್ಧ. ಅಷ್ಟನ್ನು ಅಂದೇ ಹಾಡಿ ಮುದ್ರಿಸಿದೆವು. ಎರಡು ಪ್ರತಿ ತೆಗೆದಿಟ್ಟೆವು.