ಮಂದ್ರಸ್ವರ ಎಲ್ಲಿ ಅಡಗಿತು?

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯೊಂದಿಗೆ ಬೆಸೆದುಕೊಂಡ ಊರು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯ ನೀರು ಶಾಖಾ ಕಾಲುವೆ, ವಿತರಣಾ ಕಾಲುವೆ, ಹೊಲಗಾಲುವೆಗಳಾಗಿ ಕವಲೊಡೆದು ಈ ಸೀಮೆಯ ಹೊಲಗಳನ್ನು ಸೇರುತ್ತದೆ. ಕೊನೆಯ ಹೊಲಕ್ಕೆ ನೀರು ಬಾರದೆ ಹೋದಾಗ, ಕಾಲುವೆಯ ಸ್ವಭಾವವನ್ನು ಬಲ್ಲವರು ಜಲಾಶಯವೇ ಬತ್ತಿತೆಂದು ತೀರ್ಮಾನಿಸುವುದಿಲ್ಲ. ಅವರು ಕಾಲುವೆಯ ಮೇಲ್ತುದಿಯಿಂದ ನಡೆಯತೊಡಗಿ, ಒಂದೊಂದೇ ತೂಬನ್ನು ನೋಡುತ್ತ, ಹೂಳು ತುಂಬಿದ್ದೆಲ್ಲಿ, ದಂಡೆ ಒಡೆದದ್ದೆಲ್ಲಿ, ಮುಚ್ಚಿದ ಬಾಗಿಲು ಯಾವುದು ಎಂದು ಪರೀಕ್ಷಿಸುತ್ತ ಕೆಳತುದಿಗೆ ಬರುತ್ತಾರೆ. ದೋಷವು ಎಷ್ಟೋ ಬಾರಿ ಅತಿ ಸಣ್ಣದಾಗಿರುತ್ತದೆ. ಆದರೆ ಕ್ರಮವಾಗಿ ಹುಡುಕದವರ ಕಣ್ಣಿಗೆ ಅದು ಬೀಳುವುದಿಲ್ಲ.

ನೀರಿಗೆ ಅನ್ವಯಿಸುವ ಈ ವಿಧಾನವು ನಾದಕ್ಕೂ ಅನ್ವಯಿಸುತ್ತದೆ. ಇಂದು ಅನೇಕ ಮನೆಗಳಲ್ಲಿ ದೂರದರ್ಶನದ ಜೊತೆಗೆ ಹೋಂ ಥಿಯೇಟರ್ ಎಂಬ ಧ್ವನಿ ವ್ಯವಸ್ಥೆಯೂ ಇರುತ್ತದೆ. ಅದನ್ನು ತಂದವರಲ್ಲಿ ಹಲವರು ಒಂದೇ ದೂರನ್ನು ಹೇಳುತ್ತಾರೆ. ಮಾತು ಸ್ಪಷ್ಟವಾಗಿ ಕೇಳುತ್ತದೆ, ಕೊಳಲೂ ಕೇಳುತ್ತದೆ. ಆದರೆ ಗುಡುಗಿನ ಗಾಂಭೀರ್ಯವಿಲ್ಲ, ನಗಾರಿಯ ತುಂಬುದನಿಯಿಲ್ಲ, ತಬಲಾ ಜೋಡಿಯಲ್ಲಿ ಡಗ್ಗಾದ ಸದ್ದು ಎಲ್ಲೋ ಅಡಗಿಹೋಗಿದೆ. ಆಗ ಮನೆಯವರು ಒಂದೋ ಧ್ವನಿಯನ್ನು ಮಿತಿಮೀರಿ ಹೆಚ್ಚಿಸುತ್ತಾರೆ, ಇಲ್ಲವೆ ದೊಡ್ಡ ಯಂತ್ರವನ್ನು ಕೊಳ್ಳಲು ಹೊರಡುತ್ತಾರೆ. ಎರಡೂ ಅವಸರದ ನಿರ್ಧಾರಗಳೇ ಸರಿ. ಏಕೆಂದರೆ ಬಹಳಷ್ಟು ಸಂದರ್ಭಗಳಲ್ಲಿ ಯಂತ್ರವು ಮಂದ್ರಸ್ವರವನ್ನು ಹೊರಡಿಸುತ್ತಿರುತ್ತದೆ. ಅದು ಕೇಳುವವರ ಕಿವಿಯನ್ನು ತಲುಪುವ ಮುನ್ನವೇ ಕಳೆದುಹೋಗುತ್ತಿರುತ್ತದೆ.

ಇದನ್ನು ತಿಳಿಯಬೇಕಾದರೆ ಮಂದ್ರಸ್ವರದ ಸ್ವರೂಪವನ್ನು ಮೊದಲು ಅರಿಯಬೇಕು. ಕಂಪಿಸುವ ವಸ್ತುವಿನಿಂದ ಶಬ್ದವು ಹುಟ್ಟುತ್ತದೆ. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಮನುಷ್ಯನ ಕಿವಿಯು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಚಲಿಸುತ್ತದೆ. ಆದುದರಿಂದ 3,400 ಹರ್ಟ್ಸ್‌ನ ಕೀರಲು ದನಿಯ ಒಂದು ಅಲೆಯ ಉದ್ದ ಕೇವಲ 10 ಸೆಂಟಿಮೀಟರ್. 34 ಹರ್ಟ್ಸ್‌ನ ಗಂಭೀರ ದನಿಯ ಅಲೆಯಾದರೋ 10 ಮೀಟರ್ ಉದ್ದವಾದುದು! ಸಾಮಾನ್ಯ ಮನೆಯ ಕೋಣೆಗಿಂತಲೂ ಆ ಅಲೆಯೇ ದೊಡ್ಡದು. ಮಂದ್ರಸ್ವರದ ತೊಡಕುಗಳಲ್ಲಿ ಹೆಚ್ಚಿನವು ಈ ಗಾತ್ರದಿಂದಲೇ ಹುಟ್ಟುತ್ತವೆ.

ಇಂತಹ ದೀರ್ಘ ಅಲೆಯನ್ನು ಎಬ್ಬಿಸಲು ಹೆಚ್ಚು ಗಾಳಿಯನ್ನು ದೂಡಬೇಕಾಗುತ್ತದೆ. ಸಣ್ಣ ಸ್ಪೀಕರಿನ ಕಾಗದದ ಶಂಕುವಿಗೆ ಅದು ಸಾಧ್ಯವಿಲ್ಲ. ಆದಕಾರಣ ಹೋಂ ಥಿಯೇಟರಿನಲ್ಲಿ ಮಂದ್ರಸ್ವರಕ್ಕೆಂದೇ ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ. 5.1 ಎಂಬ ವ್ಯವಸ್ಥೆಯಲ್ಲಿ 5 ಸ್ಪೀಕರುಗಳು ಉಳಿದ ಧ್ವನಿಗಳಿಗೆ ಮೀಸಲು. ಬಿಂದುವಿನ ನಂತರದ 1 ಈ ಸಬ್‌ವೂಫರಿನ ದಾರಿಯನ್ನು ಸೂಚಿಸುತ್ತದೆ.

ಈಗ ಕಾಲುವೆಯ ಮೇಲ್ತುದಿಯಿಂದ ನಡೆಯಬಹುದು. ಮೂಲ ಧ್ವನಿಮುದ್ರಣದಲ್ಲಿಯೇ ಮಂದ್ರಸ್ವರವಿದೆಯೇ ಎಂಬುದು ಮೊದಲ ಪ್ರಶ್ನೆ. ಚೆನ್ನಾಗಿ ಪರಿಚಿತವಾದ, ಡಗ್ಗಾ ಅಥವಾ ಡೊಳ್ಳಿನ ನುಡಿತವುಳ್ಳ ಒಂದು ಧ್ವನಿಮುದ್ರಿಕೆಯನ್ನು ಆರಿಸಿಕೊಂಡು, ಪರೀಕ್ಷೆ ಮುಗಿಯುವವರೆಗೂ ಅದನ್ನೇ ಬಳಸಬೇಕು. ಎರಡನೆಯದಾಗಿ, ಸಬ್‌ವೂಫರಿಗೆ ವಿದ್ಯುತ್ತು ದೊರೆಯುತ್ತಿದೆಯೇ, ಆಂಪ್ಲಿಫೈಯರಿನಿಂದ ಅದಕ್ಕೆ ಬರುವ ತಂತಿ ಸರಿಯಾದ ರಂಧ್ರದಲ್ಲಿ ಬಿಗಿಯಾಗಿ ಕುಳಿತಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ಆಂಪ್ಲಿಫೈಯರಿನ ಹೊಂದಾಣಿಕೆಗಳನ್ನು ಗಮನಿಸಬೇಕು. ಇತರ ಸ್ಪೀಕರುಗಳು ಗಾತ್ರದಲ್ಲಿ ಚಿಕ್ಕವಾಗಿದ್ದರೂ ಅವನ್ನು ದೊಡ್ಡವೆಂದು ಯಂತ್ರಕ್ಕೆ ತಿಳಿಸಿದ್ದರೆ, ಅದು ಮಂದ್ರಸ್ವರವನ್ನು ಅವುಗಳಿಗೇ ಕಳುಹಿಸುತ್ತದೆ. ಹೊರಲಾರದ ಹೊರೆಯನ್ನು ಅವು ಅಲ್ಲಿಯೇ ಇಳಿಸಿಬಿಡುತ್ತವೆ. ಚಿಕ್ಕವೆಂದು ತಿಳಿಸಿ, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯು ಸಬ್‌ವೂಫರಿನ ಪಾಲಿಗೆ ಬರುವಂತೆ ಮಾಡುವುದು ರೂಢಿ.

ಇಷ್ಟೆಲ್ಲ ಸರಿಯಾಗಿದ್ದರೂ ಮಂದ್ರಸ್ವರ ಕೃಶವಾಗಿದ್ದರೆ ಸ್ಪೀಕರುಗಳ ತಂತಿಗಳನ್ನು ಪರೀಕ್ಷಿಸಬೇಕು. ಪ್ರತಿಯೊಂದು ಸ್ಪೀಕರಿಗೂ ಕೆಂಪು ಮತ್ತು ಕಪ್ಪು ಬಣ್ಣಗಳಿಂದ ಗುರುತಿಸಿದ ಎರಡು ತುದಿಗಳಿರುತ್ತವೆ. ಆಂಪ್ಲಿಫೈಯರಿನ ಕೆಂಪು ತುದಿ ಸ್ಪೀಕರಿನ ಕೆಂಪಿಗೂ ಕಪ್ಪು ತುದಿ ಕಪ್ಪಿಗೂ ಸೇರಬೇಕು. ಒಂದು ಸ್ಪೀಕರಿನಲ್ಲಿ ಮಾತ್ರ ಇದು ಅದಲುಬದಲಾದರೆ ವಿಚಿತ್ರ ಸಂಗತಿಯೊಂದು ನಡೆಯುತ್ತದೆ. ಒಂದರ ಶಂಕು ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುವ ಕ್ಷಣದಲ್ಲಿಯೇ ಇನ್ನೊಂದರ ಶಂಕು ಹಿಂದಕ್ಕೆ ಸರಿದು ಗಾಳಿಯನ್ನು ಸೆಳೆಯುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಎರಡೂ ಸ್ಪೀಕರುಗಳು ದುಡಿಯುತ್ತಿದ್ದರೂ ಅವುಗಳ ದುಡಿಮೆ ಪರಸ್ಪರ ವಿರೋಧದಿಂದ ವ್ಯರ್ಥವಾಗುತ್ತದೆ. ಅಲೆಗಳು ದೀರ್ಘವಾಗಿರುವುದರಿಂದ ಮಂದ್ರಸ್ವರಕ್ಕೆ ಈ ನಷ್ಟ ಹೆಚ್ಚು. ಕಿರಿದಾದ ಅಲೆಗಳುಳ್ಳ ತಾರಸ್ವರಗಳು ಒಂದೆಡೆ ಕುಗ್ಗಿದರೂ ಮತ್ತೊಂದೆಡೆ ಹಿಗ್ಗಿ ಕೇಳಿಸುತ್ತವೆ. ಯಂತ್ರವನ್ನು ಆರಿಸಿ, ತಂತಿಗಳನ್ನು ಸರಿಯಾಗಿ ಜೋಡಿಸಿದ ಮಾತ್ರಕ್ಕೆ ಕಾಸೂ ಖರ್ಚಿಲ್ಲದೆ ಡಗ್ಗಾದ ದನಿ ಮರಳಿ ಬರುವುದುಂಟು. ಸಬ್‌ವೂಫರ್ ಮತ್ತು ಉಳಿದ ಸ್ಪೀಕರುಗಳ ನಡುವೆಯೂ ಇದೇ ಬಗೆಯ ವಿರೋಧ ಉಂಟಾಗಬಹುದು. ಅದರ ನಿವಾರಣೆಗೆಂದೇ ಹಲವು ಸಬ್‌ವೂಫರುಗಳ ಹಿಂಬದಿಯಲ್ಲಿ 0 ಮತ್ತು 180 ಎಂಬ ಗುರುತುಗಳ ಗುಂಡಿಯಿರುತ್ತದೆ. ಯಾವ ಕಡೆಗೆ ತಿರುಗಿಸಿದಾಗ ದನಿ ತುಂಬಿಬರುವುದೋ ಅದೇ ಸರಿಯಾದ ಸ್ಥಾನ.

ತಂತಿಯನ್ನು ದಾಟಿದ ಮೇಲೆ ನಾದವು ಕೋಣೆಯನ್ನು ಪ್ರವೇಶಿಸುತ್ತದೆ. ಗೋಡೆಗಳು ಮೂಕಪ್ರೇಕ್ಷಕರಲ್ಲ, ಅವೂ ನಾದದಲ್ಲಿ ಪಾಲುಗೊಳ್ಳುತ್ತವೆ. ನೆರೆಯ ಜಿಲ್ಲೆಯ ವಿಜಯಪುರದಲ್ಲಿ 1656ರಲ್ಲಿ ಪೂರ್ಣಗೊಂಡ ಗೋಲಗುಮ್ಮಟವೇ ಇದಕ್ಕೆ ಸಾಕ್ಷಿ. ಅದರ ಮೊಗಸಾಲೆಯ ಒಂದು ಬದಿಯಲ್ಲಿ ಪಿಸುಗುಟ್ಟಿದ ಮಾತು ಎದುರುಬದಿಯಲ್ಲಿ ನಿಂತವರಿಗೆ ಕೇಳುತ್ತದೆ. ನಮ್ಮ ಮನೆಗಳ ಗೋಡೆಗಳೂ, ಈ ಭಾಗದಲ್ಲಿ ನೆಲಕ್ಕೆ ಹಾಸುವ ಶಹಾಬಾದದ ಕಲ್ಲುಗಳೂ ಶಬ್ದವನ್ನು ಹಾಗೆಯೇ ಹಿಂದಿರುಗಿಸುತ್ತವೆ. ದನಗಳು ನೀರು ಕುಡಿಯುವ ಉದ್ದನೆಯ ತೊಟ್ಟಿಯನ್ನು ನೆನಪಿಗೆ ತಂದುಕೊಂಡರೆ ಮುಂದಿನ ವಿಷಯ ಸುಲಭವಾಗುತ್ತದೆ. ನೀರನ್ನು ಒಂದು ಲಯದಲ್ಲಿ ತೂಗಿದರೆ ಅದು ಎರಡು ಕೊನೆಗಳಲ್ಲಿ ಏರಿಳಿಯುತ್ತದೆ. ಆದರೆ ನಟ್ಟನಡುವೆ ನೀರಿನ ಮಟ್ಟ ಹೆಚ್ಚುಕಡಿಮೆ ಬದಲಾಗದೆ ಉಳಿಯುತ್ತದೆ. 5 ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸ್‌ನ ಶಬ್ದವೂ ಹೀಗೆಯೇ ವರ್ತಿಸುತ್ತದೆ. ಅದರ 10 ಮೀಟರ್ ಅಲೆಯ ಅರ್ಧಭಾಗವು ಕೋಣೆಯ ಉದ್ದಕ್ಕೆ ಸರಿಹೊಂದುವುದರಿಂದ, ಹೋಗುವ ಅಲೆಯೂ ಗೋಡೆಗೆ ಬಡಿದು ಮರಳುವ ಅಲೆಯೂ ಕೂಡಿ, ಗೋಡೆಗಳ ಬಳಿ ಸದ್ದನ್ನು ಹೆಚ್ಚಿಸಿ, ನಡುವಿನಲ್ಲಿ ಬಹುಮಟ್ಟಿಗೆ ಅಳಿಸಿಹಾಕುತ್ತವೆ. ಕೋಣೆಯ ನಡುವೆ ಕುರ್ಚಿ ಹಾಕಿ ಕುಳಿತವರಿಗೆ ಆ ಸ್ವರ ಕೇಳದು. ಗೋಡೆಗೆ ಒರಗಿ ನಿಂತವರಿಗೆ ಧಾರಾಳವಾಗಿ ಕೇಳುತ್ತದೆ!

ಇದಕ್ಕೆ ಪರಿಹಾರವು ಅಂಗಡಿಯಲ್ಲಿಲ್ಲ, ಕೋಣೆಯಲ್ಲಿಯೇ ಇದೆ. ಕುಳಿತುಕೊಳ್ಳುವ ಸ್ಥಳವನ್ನು ಅರ್ಧ ಮೀಟರಿನಷ್ಟು ಹಿಂದೆಮುಂದೆ ಸರಿಸಿದರೂ ವ್ಯತ್ಯಾಸ ಕಾಣಬಹುದು. ಸಬ್‌ವೂಫರನ್ನು ಮೂಲೆಗೆ ಒಯ್ದರೆ ಮಂದ್ರಸ್ವರ ಬಲಗೊಳ್ಳುತ್ತದೆ; ಆದರೆ ಕೆಲವೊಮ್ಮೆ ಅದು ಮಿತಿಮೀರಿ ಗುಂಯ್ಗುಡುವುದೂ ಉಂಟು. ಒಳ್ಳೆಯ ಸ್ಥಳವನ್ನು ಹುಡುಕಲು ಜಾಣತನದ ಉಪಾಯವೊಂದಿದೆ. ಸಬ್‌ವೂಫರನ್ನು ಕೇಳುವವರು ಕುಳಿತುಕೊಳ್ಳುವ ಜಾಗದಲ್ಲಿಟ್ಟು, ಆಯ್ದ ಧ್ವನಿಮುದ್ರಿಕೆಯನ್ನು ನುಡಿಸುತ್ತ, ಕಿವಿಯನ್ನು ನೆಲದ ಸಮೀಪಕ್ಕೆ ತಂದು ಗೋಡೆಯಂಚಿನಲ್ಲಿ ಸುತ್ತಬೇಕು. ಎಲ್ಲಿ ಡಗ್ಗಾದ ದನಿ ತುಂಬಿಯೂ ಸ್ಪಷ್ಟವಾಗಿಯೂ ಕೇಳುವುದೋ ಅಲ್ಲಿಯೇ ಪೆಟ್ಟಿಗೆಯನ್ನಿರಿಸಬೇಕು. ಪೆಟ್ಟಿಗೆ ಮತ್ತು ಕಿವಿ ಪರಸ್ಪರ ಸ್ಥಳ ಬದಲಿಸಿಕೊಂಡರೂ ಕೋಣೆಯ ಪ್ರಭಾವ ಒಂದೇ ಬಗೆಯಾಗಿರುವುದರಿಂದ ಈ ಉಪಾಯ ಫಲಿಸುತ್ತದೆ.

ನಾದದ ಕೊನೆಯ ಹೊಲವೆಂದರೆ ಮನುಷ್ಯನ ಕಿವಿ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದ್ದು ಮೆಲ್ಲಗಿದ್ದಾಗ ಕಿವಿಯು ಮಧ್ಯಮ ಸ್ವರಗಳಿಗಿಂತ ಮಂದ್ರಸ್ವರಗಳನ್ನು ಬಹಳ ಕಡಿಮೆಯಾಗಿ ಗ್ರಹಿಸುತ್ತದೆಂದು ತೋರಿಸಿಕೊಟ್ಟರು. ಆದುದರಿಂದ ರಾತ್ರಿ ಮೆಲುದನಿಯಲ್ಲಿ ಕೇಳುವಾಗ ಮಂದ್ರಸ್ವರ ಕ್ಷೀಣವೆನಿಸುವುದು ಸಹಜ; ಅದು ಯಂತ್ರದ ದೋಷವಲ್ಲ. ಅದಕ್ಕಾಗಿ ಎಲ್ಲ ಧ್ವನಿಯನ್ನೂ ಏರಿಸುವುದು ತಪ್ಪು. ಅತಿಯಾದ ಸದ್ದಿನಿಂದ ಸ್ಪೀಕರಿನ ಒಳಸುರುಳಿ ಸುಟ್ಟುಹೋಗಬಹುದು. ಅದನ್ನಾದರೂ ಬದಲಿಸಬಹುದು, ಒಮ್ಮೆ ಕುಂದಿದ ಶ್ರವಣಶಕ್ತಿ ಮಾತ್ರ ಮರಳಿ ಬಾರದಿರಬಹುದು. ಮೇಲಾಗಿ ಮಂದ್ರಸ್ವರವು ಗೋಡೆಯನ್ನು ದಾಟಿಹೋಗುವುದರಲ್ಲಿ ಬಲು ಚತುರ. ಈ ಮನೆಯಲ್ಲಿ ಸಾಲದೆನಿಸಿದ ಸದ್ದು ಪಕ್ಕದ ಮನೆಯಲ್ಲಿ ಓದುತ್ತಿರುವ ಮಗುವಿಗೂ ಮಲಗಿರುವ ವೃದ್ಧರಿಗೂ ಹೆಚ್ಚಾಗಿ ಬಾಧಿಸಬಹುದು. ಭಾರತ ಸರ್ಕಾರವು 2000ದಲ್ಲಿ ರೂಪಿಸಿದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್‌ಗಳ ಮಿತಿಯನ್ನು ಗೊತ್ತುಪಡಿಸಿದುದು ಇಂತಹವರ ನೆಮ್ಮದಿಗಾಗಿಯೇ.

ಈ ಶೋಧದಲ್ಲಿ ಪಾಲಿಸಬೇಕಾದ ನಿಯಮವೊಂದಿದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ದೋಷ ನೀಗಿದರೂ ಯಾವುದರಿಂದ ನೀಗಿತೆಂಬುದು ತಿಳಿಯುವುದಿಲ್ಲ. ಕಾಲುವೆಯಾಗಲಿ, ಧ್ವನಿಯಂತ್ರವಾಗಲಿ, ಕೊನೆಯಲ್ಲಿ ಕಂಡ ಕೊರತೆಗೆ ಮೂಲವನ್ನೇ ದೂಷಿಸುವುದು ಸುಲಭ. ನಡುವಿನ ದಾರಿಯನ್ನು ತಾಳ್ಮೆಯಿಂದ ನಡೆದು ನೋಡುವುದು ಕಷ್ಟ. ಆ ಕಷ್ಟವನ್ನು ಕೈಗೊಂಡವರಿಗೆ ಅಡಗಿದ ಸ್ವರವೂ ದೊರೆಯುತ್ತದೆ, ಅದು ಅಡಗಿದ್ದೇಕೆಂಬ ಅರಿವೂ ದೊರೆಯುತ್ತದೆ.