ವಧುಸಖಿಯರ ಉಡುಪು: ಬಣ್ಣ ಒಂದಿರಲಿ, ಅಳತೆ ಅವರವರದಾಗಲಿ

ಮಂಗಳೂರು: ಕ್ರೈಸ್ತ ವಿವಾಹಗಳಲ್ಲಿ ಮದುಮಗಳ ನಂತರ ಜನರ ಕಣ್ಣು ಹೋಗುವುದು ಆಕೆಯ ಜೊತೆಯಲ್ಲಿ ನಡೆದು ಬರುವ ಸಖಿಯರ ಕಡೆಗೆ. ಕೊಂಕಣಿಯಲ್ಲಿ ‘ಧೆಡಿ’ ಎಂದೂ, ಇತ್ತೀಚಿನ ಮಾತಿನಲ್ಲಿ ‘ಬ್ರೈಡ್ಸ್‌ಮೇಡ್’ ಎಂದೂ ಕರೆಯಲ್ಪಡುವ ಈ ಗೌರವ ಸಾಮಾನ್ಯವಾಗಿ ಮದುಮಗಳ ತಂಗಿಗೋ, ಆಪ್ತ ಗೆಳತಿಗೋ ಸಲ್ಲುತ್ತದೆ. ಆದರೆ ತುಂಬು ಮೈಕಟ್ಟಿನ ಯುವತಿಗೆ ಈ ಆಹ್ವಾನ ಸಂತೋಷದೊಡನೆ ಒಂದು ಅಳುಕನ್ನೂ ತರುವುದುಂಟು. ಎಲ್ಲರಿಗೂ ಒಂದೇ ಮಾದರಿಯ ಉಡುಪು ಎಂದು ಮದುವೆಮನೆಯಲ್ಲಿ ತೀರ್ಮಾನವಾದೊಡನೆ, ಆ ಮಾದರಿ ತನ್ನ ಮೈಗೆ ಒಗ್ಗುವುದೇ ಎಂಬ ಚಿಂತೆ ಆಕೆಯನ್ನು ಕಾಡತೊಡಗುತ್ತದೆ. ಎರಡು ತಿಂಗಳಲ್ಲಿ ತೆಳ್ಳಗಾಗಬೇಕೆಂಬ ಒತ್ತಾಯ, ನೆಪ ಹೇಳಿ ಹಿಂದೆ ಸರಿಯುವ ಯೋಚನೆ ಎರಡೂ ಹುಟ್ಟುವುದು ಇಲ್ಲಿಯೇ.

ಬಲ್ಮಠದ ಶಾಂತಿ ಕೆಥೆಡ್ರಲ್, ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ ಮೊದಲಾದ ಹಳೆಯ ದೇವಾಲಯಗಳು ಒಂದಕ್ಕೊಂದು ಸಮೀಪದಲ್ಲಿರುವ ಈ ಭಾಗದಲ್ಲಿ ಮದುವೆಯ ಉಡುಪು ಹೊಲಿಸುವುದು ಅಪರೂಪದ ಸಂಗತಿಯೇನಲ್ಲ. ಹೊಲಿಗೆಯ ಕೆಲವು ಸರಳ ತತ್ವಗಳನ್ನು ಮೊದಲೇ ತಿಳಿದುಕೊಂಡರೆ ಮೇಲಿನ ಚಿಂತೆಯ ಬಹುಪಾಲು ಪರಿಹಾರವಾಗುತ್ತದೆ. ಸಖಿಯರ ಸಾಲಿಗೆ ಏಕರೂಪತೆಯನ್ನು ತಂದುಕೊಡುವುದು ಬಣ್ಣ ಮತ್ತು ಬಟ್ಟೆಯೇ ಹೊರತು ಕತ್ತರಿಸುವ ಮಾದರಿಯಲ್ಲ. ಈ ಒಂದು ಅಂಶವನ್ನು ಮದುವೆಮನೆಯವರು ಒಪ್ಪಿಕೊಂಡರೆ ಉಳಿದದ್ದು ದರ್ಜಿಯ ಕೆಲಸ.

ಪದ್ಧತಿಯ ಹಿನ್ನೆಲೆ

1840ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಿಳಿಯ ಉಡುಪು ಧರಿಸಿ ವಿವಾಹವಾದಾಗ ಆಕೆಯ 12 ಮಂದಿ ಸಖಿಯರೂ ಬಿಳಿಯನ್ನೇ ಧರಿಸಿದ್ದರು. ಬಿಳಿಯ ಮದುವೆ ಉಡುಪು ಜಗತ್ತಿನಾದ್ಯಂತ ಹರಡಲು ಆ ಮದುವೆ ಬಹುಮಟ್ಟಿಗೆ ಕಾರಣವಾಯಿತು. ಮಂಗಳೂರಿನಲ್ಲಿ ಈ ಪದ್ಧತಿ ಸ್ಥಳೀಯ ಸಂಪ್ರದಾಯಗಳೊಡನೆ ಬೆರೆತುಹೋಗಿದೆ. ಮಂಗಳೂರು ಕೆಥೋಲಿಕರಲ್ಲಿ ಮದುವೆಯ ಮುನ್ನ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರವಿದೆ. ಮದುಮಗಳಿಗೆ ಕೆಂಪು ಬಣ್ಣದ ‘ಸಾಡೊ’ ಸೀರೆಯಿದೆ. ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ಬಿಳಿ ಸೀರೆಯುಟ್ಟು ಮದುವೆಯಾಗುವ ರೂಢಿಯೂ ಇದೆ. ಹೀಗಾಗಿ ಇಲ್ಲಿನ ಸಖಿಯರ ಮುಂದೆ ಗೌನ್ ಮತ್ತು ಸೀರೆ ಎಂಬ ಎರಡು ಆಯ್ಕೆಗಳಿವೆ. ಮೆಹೆಂದಿ, ಆರತಕ್ಷತೆಗಳಲ್ಲಿ ಗೆಳತಿಯರೆಲ್ಲ ಒಂದೇ ಬಣ್ಣದ ಲೆಹೆಂಗಾ ತೊಡುವ ರೂಢಿ ಇತರ ಸಮುದಾಯಗಳಲ್ಲಿಯೂ ಬಂದಿರುವುದರಿಂದ ಈ ವಿಷಯ ಕ್ರೈಸ್ತ ವಿವಾಹಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ.

ಸಿದ್ಧ ಉಡುಪು ಏಕೆ ಒಗ್ಗುವುದಿಲ್ಲ?

ಸಿದ್ಧ ಉಡುಪುಗಳನ್ನು ತಯಾರಿಸುವವರು ಸಾಮಾನ್ಯವಾಗಿ ಒಂದು ಮಧ್ಯಮ ಅಳತೆಯನ್ನು ಆಧಾರವಾಗಿಟ್ಟುಕೊಂಡು, ಅದನ್ನು ಒಂದು ಲೆಕ್ಕದಂತೆ ಹಿಗ್ಗಿಸುತ್ತ ಹೋಗುತ್ತಾರೆ. ಆದರೆ ಮನುಷ್ಯರ ಮೈ ಹಾಗೆ ಬೆಳೆಯುವುದಿಲ್ಲ. ಎದೆಯ ಸುತ್ತಳತೆ ಎಂಟು ಇಂಚು ಹೆಚ್ಚಾದರೂ ಭುಜದ ಅಗಲ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಒಬ್ಬರಿಗೆ ಹೊಟ್ಟೆಯ ಭಾಗ ದೊಡ್ಡದಿರುತ್ತದೆ, ಇನ್ನೊಬ್ಬರಿಗೆ ತೊಡೆ ಮತ್ತು ಹಿಪ್, ಮತ್ತೊಬ್ಬರಿಗೆ ತೋಳು. ಆದ್ದರಿಂದಲೇ ಎದೆಗೆ ಸರಿಹೋದ ದೊಡ್ಡ ಅಳತೆಯ ಗೌನ್ ಭುಜದಿಂದ ಜಾರುತ್ತದೆ. ಭುಜಕ್ಕೆ ಸರಿಹೋದದ್ದು ತೋಳಿನಲ್ಲಿ ಬಿಗಿಯುತ್ತದೆ.

ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿ ರೂಪಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು (ನಿಫ್ಟ್) ‘ಇಂಡಿಯಾ ಸೈಜ್’ ಎಂಬ ಸಮೀಕ್ಷೆಯನ್ನು 2018ರಲ್ಲಿ ಪ್ರಕಟಿಸಿತು. 15ರಿಂದ 65 ವರ್ಷ ವಯಸ್ಸಿನ 25,000 ಮಂದಿಯ ಅಳತೆಯನ್ನು ತ್ರಿಆಯಾಮ ಸ್ಕ್ಯಾನರ್‌ಗಳ ಮೂಲಕ ಪಡೆಯುವುದು ಅದರ ಉದ್ದೇಶವಾಗಿತ್ತು. ವಿದೇಶಿ ಅಳತೆಪಟ್ಟಿಗಳನ್ನು ಅನುಸರಿಸಿ ಹೊಲಿದ ಉಡುಪು ನಮ್ಮವರಿಗೆ ಸರಿಯಾಗಿ ಕೂರುವುದಿಲ್ಲ ಎಂಬುದನ್ನು ಉದ್ಯಮವೇ ಒಪ್ಪಿಕೊಂಡಿದ್ದರ ಗುರುತು ಇದು. ಉಡುಪು ಹಿಡಿಸದಿದ್ದಲ್ಲಿ ತಪ್ಪು ಉಡುಪಿನ ಅಳತೆಯದ್ದೇ ಹೊರತು ತೊಟ್ಟವರ ಮೈಯದ್ದಲ್ಲ.

ಅಳತೆ ತೆಗೆಯುವ ಕ್ರಮ

ತುಂಬು ಮೈಕಟ್ಟಿನವರಿಗೆ ಎದೆ, ಸೊಂಟ, ಹಿಪ್ ಎಂಬ ಮೂರು ಅಳತೆಗಳು ಸಾಲುವುದಿಲ್ಲ. ಎದೆಯ ಕೆಳಗಿನ ಸುತ್ತು, ಹೊಟ್ಟೆ ಅತಿ ಹೆಚ್ಚು ಮುಂದೆ ಬರುವ ಜಾಗದ ಸುತ್ತು, ತೋಳಿನ ಮೇಲ್ಭಾಗದ ಸುತ್ತು, ಕಂಕುಳ ಸುತ್ತು ಮತ್ತು ಭುಜದಿಂದ ಸೊಂಟದವರೆಗಿನ ಉದ್ದವನ್ನು ಬರೆದುಕೊಳ್ಳಬೇಕು. ಈ ಉದ್ದವನ್ನು ಮುಂಭಾಗದಲ್ಲಿ ಮತ್ತು ಹಿಂಭಾಗದಲ್ಲಿ ಪ್ರತ್ಯೇಕವಾಗಿ ಅಳೆಯುವುದು ಅವಶ್ಯ. ಎದೆ ತುಂಬಿದ್ದಲ್ಲಿ ಮುಂಭಾಗಕ್ಕೆ ಹೆಚ್ಚು ಉದ್ದ ಬೇಕಾಗುತ್ತದೆ. ಅದನ್ನು ಕೊಡದಿದ್ದರೆ ಸೊಂಟದ ಗೆರೆ ಮುಂದೆ ಮೇಲೇರಿ ಹಿಂದೆ ಇಳಿಯುತ್ತದೆ.

ಮದುವೆಯ ದಿನ ಧರಿಸಲಿರುವ ಒಳ ಉಡುಪನ್ನೇ ಹಾಕಿಕೊಂಡು ಅಳತೆ ಕೊಡಬೇಕು. ಒಳ ಉಡುಪು ಬದಲಾದರೆ ಎದೆಯ ಎತ್ತರವೂ ಬದಲಾಗಿ, ಡಾರ್ಟ್‌ಗಳು ಜಾಗ ತಪ್ಪುತ್ತವೆ. ಇದರೊಡನೆ ಕುಳಿತಾಗಿನ ಅಳತೆಯನ್ನೂ ತೆಗೆಯುವುದು ಒಳ್ಳೆಯದು. ಚರ್ಚಿನ ವಿಧಿಯಲ್ಲಿ ನಿಲ್ಲುವುದು, ಕೂರುವುದು, ಮೊಣಕಾಲೂರುವುದು ಎಲ್ಲವೂ ಇರುತ್ತದೆ. ಕುಳಿತಾಗ ಹಿಪ್ ಮತ್ತು ಹೊಟ್ಟೆಯ ಸುತ್ತಳತೆ ಒಂದೆರಡು ಇಂಚು ಹೆಚ್ಚುವುದರಿಂದ ನಿಂತ ಅಳತೆಗೆ ಬಿಗಿಯಾಗಿ ಹೊಲಿದ ಉಡುಪು ಹೊಲಿಗೆ ಬಿಡುವ ಸಂಭವವಿದೆ. ಹಿಗ್ಗದ ಬಟ್ಟೆಯಾದಲ್ಲಿ ಎದೆಗೆ ಸುಮಾರು ಎರಡು ಇಂಚು, ಹಿಪ್‌ಗೆ ಎರಡರಿಂದ ಮೂರು ಇಂಚು ಸಡಿಲ ಬಿಡಬೇಕು.

ಅಳತೆಯನ್ನು ಎಲ್ಲರ ಎದುರಿಗೆ ತೆಗೆದು ಅಂಕಿಗಳನ್ನು ಗಟ್ಟಿಯಾಗಿ ಓದುವ ಅಭ್ಯಾಸ ಕೆಲವು ಅಂಗಡಿಗಳಲ್ಲಿದೆ. ಒಳಕೋಣೆಯಲ್ಲಿ ಅಳೆದು ಮೌನವಾಗಿ ಬರೆದುಕೊಳ್ಳುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ.

ಕಟ್ ಮತ್ತು ಕುತ್ತಿಗೆ

ಎದೆಯ ಕೆಳಗೇ ಸೊಂಟದ ಗೆರೆ ಬಂದು, ಅಲ್ಲಿಂದ ಬಟ್ಟೆ ನೇರವಾಗಿ ಇಳಿಯುವ ಎಂಪೈರ್ ಮಾದರಿ ಹೊಟ್ಟೆಯ ಭಾಗ ದೊಡ್ಡದಿರುವವರಿಗೆ ಹಿತಕರ. ಸೊಂಟದಿಂದ ಕೆಳಕ್ಕೆ ಕ್ರಮವಾಗಿ ಅಗಲವಾಗುವ ಎ-ಲೈನ್ ಮಾದರಿ ಹಿಪ್ ಮತ್ತು ತೊಡೆ ತುಂಬಿರುವವರಿಗೆ ಸೂಕ್ತ. ಭುಜದಿಂದ ಅಥವಾ ಕಂಕುಳಿನಿಂದ ಆರಂಭವಾಗಿ ಎದೆಯ ಮೇಲೆ ಹಾದು ಕೆಳಗಿಳಿಯುವ ಪ್ರಿನ್ಸೆಸ್ ಕಟ್ ಎಲ್ಲ ಮೈಕಟ್ಟುಗಳಿಗೂ ಒಗ್ಗುತ್ತದೆ. ಉಡುಪು ಹಲವು ತುಂಡುಗಳಾಗಿರುವುದರಿಂದ ಪ್ರತಿ ಜೋಡಣೆಯಲ್ಲಿಯೂ ಸ್ವಲ್ಪ ಸ್ವಲ್ಪ ಹಿಡಿಯಲು ಅಥವಾ ಬಿಡಲು ದರ್ಜಿಗೆ ಅವಕಾಶ ಸಿಗುವುದೇ ಇದಕ್ಕೆ ಕಾರಣ.

ಕುತ್ತಿಗೆಗೆ ‘ವಿ’ ಆಕಾರ ಅಥವಾ ಚೌಕಾಕಾರ ಉತ್ತಮ. ಕತ್ತಿಗೆ ಅಂಟಿದಂತಿರುವ ಮುಚ್ಚಿದ ಕುತ್ತಿಗೆ ಎದೆಯ ಭಾಗವನ್ನು ಒಂದೇ ಅಗಲವಾದ ಹಲಗೆಯಂತೆ ತೋರಿಸುತ್ತದೆ. ತೋಳಿನ ವಿಷಯದಲ್ಲಿ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಮುಖ್ಯ. ತೋಳಿನ ಅತಿ ದಪ್ಪ ಭಾಗದಲ್ಲಿಯೇ ಅಂಚು ಬಂದರೆ ನೋಟ ಅಲ್ಲಿಯೇ ನಿಲ್ಲುತ್ತದೆ. ಮೊಣಕೈಯವರೆಗೆ ಅಥವಾ ಮುಕ್ಕಾಲು ತೋಳು ಇಟ್ಟರೆ ಈ ತೊಂದರೆಯಿಲ್ಲ. ಭುಜ ಮುಚ್ಚಿರಬೇಕೆಂದು ಚರ್ಚ್ ಸೂಚಿಸಿದ್ದಲ್ಲಿ ಅದಕ್ಕೂ ಇದು ಒಪ್ಪುತ್ತದೆ. ಭುಜದಿಂದ ಕೆಳಗಿಳಿದ ತೋಳಿರುವ ಮಾದರಿಯಲ್ಲಿ ಕೈಯನ್ನು ಮೇಲೆತ್ತುವುದೇ ಕಷ್ಟ. ಆರತಕ್ಷತೆಯಲ್ಲಿ ಬೈಲಾ ಹಾಡಿಗೆ ಹೆಜ್ಜೆ ಹಾಕಬೇಕೆನ್ನುವವರು ಇದನ್ನು ಗಮನದಲ್ಲಿಡಬೇಕು.

ನಾಲ್ವರು ಸಖಿಯರಿದ್ದರೆ ನಾಲ್ವರಿಗೂ ಒಂದೇ ಬಟ್ಟೆ, ಒಂದೇ ಬಣ್ಣ, ಒಂದೇ ಉದ್ದ ಇಟ್ಟುಕೊಂಡು ಕುತ್ತಿಗೆ, ತೋಳು, ಸೊಂಟದ ಗೆರೆಗಳನ್ನು ಅವರವರಿಗೆ ಬಿಡಬಹುದು. ಇದರಲ್ಲಿ ಒಂದು ಎಚ್ಚರಿಕೆಯಿದೆ. ಮೂವರಿಗೆ ಒಂದೇ ಮಾದರಿ ಮಾಡಿ, ತುಂಬು ಮೈಕಟ್ಟಿನ ಒಬ್ಬಳಿಗೆ ಮಾತ್ರ ಬೇರೆ ಮಾಡಿದರೆ ಆಕೆಯನ್ನು ಬೆರಳು ಮಾಡಿ ತೋರಿಸಿದಂತಾಗುತ್ತದೆ. ಬದಲಾವಣೆ ಎಲ್ಲರಿಗೂ ಇರಲಿ.

ಬಟ್ಟೆ ಮತ್ತು ಬಣ್ಣ

ಕೆಥೋಲಿಕರಲ್ಲಿ ತಪಸ್ಸು ಕಾಲದಲ್ಲಿ ಸಾಮಾನ್ಯವಾಗಿ ಮದುವೆಗಳನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಈಸ್ಟರ್ ಕಳೆದ ಬಳಿಕ, ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಅನೇಕ ಮದುವೆಗಳು ನಡೆಯುತ್ತವೆ. ಆಗ ಕರಾವಳಿಯಲ್ಲಿ ಸೆಕೆ ವಿಪರೀತ. ವೆಲ್ವೆಟ್ ಮತ್ತು ದಪ್ಪ ಸ್ಯಾಟಿನ್ ಬೆವರನ್ನು ಹೊರಬಿಡುವುದಿಲ್ಲ. ಇದಲ್ಲದೆ ಹೊಳೆಯುವ ಸ್ಯಾಟಿನ್ ಮೇಲೆ ಕ್ಯಾಮರಾದ ಬೆಳಕು ಬಿದ್ದಾಗ ಪ್ರತಿಯೊಂದು ಮಡಿಕೆಯೂ ಎದ್ದು ಕಾಣುತ್ತದೆ. ಹೊಳಪಿಲ್ಲದ ಕ್ರೇಪ್, ಒಳಗೆ ತೆಳು ಹತ್ತಿಯ ಲೈನಿಂಗ್ ಕೊಟ್ಟ ಜಾರ್ಜೆಟ್ ಅಥವಾ ಶಿಫಾನ್ ಇಲ್ಲಿಗೆ ಹೊಂದುತ್ತವೆ. ಲೈಕ್ರಾ ಬೆರೆತ ಬಟ್ಟೆ ಹಿಗ್ಗುತ್ತದೆಯಾದರೂ ಮೈಗೆ ಅಂಟಿಕೊಳ್ಳುತ್ತದೆ. ಕ್ಯಾನ್‌ಕ್ಯಾನ್ ಹಾಕಿದ ನೆಟ್ ಸ್ಕರ್ಟು ಹಿಪ್ ಬಳಿಯಿಂದಲೇ ಉಬ್ಬುವುದರಿಂದ ಅದನ್ನು ಮೊಣಕಾಲಿನ ಕೆಳಗಷ್ಟೇ ಕೊಡಿಸುವುದು ಲೇಸು.

ದಪ್ಪಗಿರುವವರು ಕಪ್ಪು, ಕಡುನೀಲಿ ಬಣ್ಣಗಳನ್ನಷ್ಟೇ ತೊಡಬೇಕೆಂಬುದು ಕೇವಲ ರೂಢಿಯ ಮಾತು. ಸರಿಯಾಗಿ ಕೂತ ತಿಳಿಗುಲಾಬಿ ಗೌನ್, ಬಿಗಿದು ಸುಕ್ಕಾದ ಕಪ್ಪು ಗೌನಿಗಿಂತ ಚೆನ್ನಾಗಿ ಕಾಣುತ್ತದೆ. ಮದುವೆಗೆ ಮೆಚ್ಚಿದ ಬಣ್ಣ ಯಾವುದಿದ್ದರೂ ಎಲ್ಲರಿಗೂ ಬೇಕಾದ ಬಟ್ಟೆಯನ್ನು ಒಂದೇ ಥಾನಿನಿಂದ ಒಂದೇ ಸಲ ಕತ್ತರಿಸಿ ಕೊಳ್ಳಬೇಕು. ಬಣ್ಣ ಹಾಕುವ ಪ್ರತಿ ಸರದಿಯಲ್ಲಿಯೂ ಛಾಯೆ ತುಸು ವ್ಯತ್ಯಾಸವಾಗುವುದರಿಂದ ಆಮೇಲೆ ತಂದ ಒಂದು ಮೀಟರ್ ಬಟ್ಟೆ ಛಾಯಾಚಿತ್ರದಲ್ಲಿ ಬೇರೆಯೇ ಬಣ್ಣವಾಗಿ ಕಾಣಬಹುದು.

ಹೆಚ್ಚುವರಿ ಬಟ್ಟೆಯ ಲೆಕ್ಕ

ದೊಡ್ಡ ಅಳತೆಗೆ ಹೆಚ್ಚು ಬಟ್ಟೆ ಬೇಕೆಂಬುದು ನಿಜ. ಆದರೆ ಎಷ್ಟು ಹೆಚ್ಚು ಎಂಬುದು ಬಟ್ಟೆಯ ಮೇಲೆ ಅವಲಂಬಿತ. ಉದಾಹರಣೆಗೆ 44 ಇಂಚು ಪನ್ನಾದ ಬಟ್ಟೆಯಲ್ಲಿ 45 ಇಂಚು ಉದ್ದದ ನಾಲ್ಕು ತುಂಡುಗಳ ಎ-ಲೈನ್ ಸ್ಕರ್ಟು ಹೊಲಿಯಬೇಕಾಗಿದೆ ಎಂದಿಟ್ಟುಕೊಳ್ಳೋಣ. 32 ಇಂಚು ಸೊಂಟದವರಿಗೆ ಪ್ರತಿ ತುಂಡಿನ ಕೆಳ ಅಂಚು 20 ಇಂಚು ಇದ್ದರೆ ಎರಡು ತುಂಡುಗಳು ಪಕ್ಕಪಕ್ಕದಲ್ಲಿ 40 ಇಂಚಿನಲ್ಲಿ ಹಿಡಿಯುತ್ತವೆ. ಒಟ್ಟು 90 ಇಂಚು, ಅಂದರೆ ಸುಮಾರು 2.3 ಮೀಟರ್ ಸಾಕು. 48 ಇಂಚು ಸೊಂಟದವರಿಗೆ ಕೆಳ ಅಂಚು 24 ಇಂಚಾದರೆ ಎರಡು ತುಂಡುಗಳಿಗೆ 48 ಇಂಚು ಬೇಕು. ಪನ್ನಾ ಸಾಲದು. ಒಂದರ ಕೆಳಗೊಂದು ಕತ್ತರಿಸುತ್ತ ಹೋದರೆ 180 ಇಂಚು, ಅಂದರೆ ಸುಮಾರು 4.6 ಮೀಟರ್ ಆಗುತ್ತದೆ.

ಬಟ್ಟೆ ಸಾದಾ ಆಗಿದ್ದರೆ ಇದಕ್ಕೆ ಉಪಾಯವಿದೆ. ಒಂದು ತುಂಡನ್ನು ನೇರವಾಗಿ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟರೆ ಒಂದರ 14 ಇಂಚಿನ ಮೇಲಂಚು ಇನ್ನೊಂದರ 24 ಇಂಚಿನ ಕೆಳ ಅಂಚಿನ ಪಕ್ಕಕ್ಕೆ ಬಂದು, ಎರಡೂ 38 ಇಂಚಿನಲ್ಲಿ ಹಿಡಿಯುತ್ತವೆ. ಆಗ ದೊಡ್ಡ ಅಳತೆಗೂ 2.3 ಮೀಟರ್ ಸಾಕು. ಒಂದೇ ದಿಕ್ಕಿನ ಹೂವಿನ ಅಚ್ಚು ಅಥವಾ ವೆಲ್ವೆಟ್ ಆದಲ್ಲಿ ಹೀಗೆ ತಿರುಗಿಸಿ ಇಡಲಾಗದು. ಸಾದಾ ಬಟ್ಟೆ ಆರಿಸಿಕೊಂಡರೆ ಖರ್ಚಿನ ವ್ಯತ್ಯಾಸ ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು ಇದರ ಸಾರಾಂಶ.

ಉಡುಪಿನ ಹಣ ಯಾರು ಕೊಡಬೇಕೆಂಬುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಸಖಿಯರೇ ಕೊಡುವುದಾದರೆ ಒಟ್ಟು ಬಟ್ಟೆ ಮತ್ತು ಹೊಲಿಗೆಯ ವೆಚ್ಚವನ್ನು ಸಮನಾಗಿ ಹಂಚಿಕೊಳ್ಳುವುದು ನ್ಯಾಯ. ಮೈ ದೊಡ್ಡದೆಂಬ ಕಾರಣಕ್ಕೆ ಒಬ್ಬ ಗೆಳತಿ ಹೆಚ್ಚು ತೆರಬೇಕಾದ ಪ್ರಸಂಗ ಒದಗಬಾರದು.

ಸೀರೆಯ ದಾರಿ

ಅಳತೆಯ ಹಂಗಿಲ್ಲದ ಉಡುಪೆಂದರೆ ಸೀರೆ. ಸುಮಾರು ಐದೂವರೆ ಮೀಟರಿನ ಒಂದೇ ಸೀರೆ ಎಲ್ಲ ಮೈಕಟ್ಟುಗಳಿಗೂ ಒಗ್ಗುತ್ತದೆ. ಹಿಪ್ ದೊಡ್ಡದಿದ್ದಲ್ಲಿ ನೆರಿಗೆ ಒಂದೆರಡು ಕಡಿಮೆಯಾಗುತ್ತದೆ, ಅಷ್ಟೇ. ತೊಡಕಿರುವುದು ರವಿಕೆಯಲ್ಲಿ. ಸೀರೆಯೊಡನೆ ಬರುವ 80 ಸೆಂಟಿಮೀಟರ್ ರವಿಕೆ ತುಂಡು ದೊಡ್ಡ ಎದೆಯಳತೆಗೂ ಮುಕ್ಕಾಲು ತೋಳಿಗೂ ಸಾಲದಾಗಬಹುದು. ಆಗ ತೋಳಿಗಷ್ಟೇ ಬೇರೆ ಬಟ್ಟೆ ಜೋಡಿಸಿ ತೇಪೆಯಂತೆ ಕಾಣಿಸುವ ಬದಲು, ಎಲ್ಲ ಸಖಿಯರಿಗೂ ಹೊಂದುವ ಬಣ್ಣದ ಪ್ರತ್ಯೇಕ ಬಟ್ಟೆಯಲ್ಲಿ ರವಿಕೆ ಹೊಲಿಸುವುದು ಸರಿಯಾದ ಕ್ರಮ. ಬಿಗಿಯಾದ ಲಾಡಿಯ ಲಂಗದ ಬದಲು ಅಗಲ ಪಟ್ಟಿಯ ಲಂಗ ಧರಿಸಿದರೆ ಹೊಟ್ಟೆಯ ಮೇಲೆ ಗೆರೆ ಮೂಡುವುದಿಲ್ಲ.

ಸಮಯದ ಲೆಕ್ಕಾಚಾರ

ಮದುವೆಗೆ ಎಂಟು ವಾರ ಮೊದಲೇ ಬಟ್ಟೆ ಕೊಂಡು ಅಳತೆ ಕೊಡಬೇಕು. ನಾಲ್ಕು ವಾರ ಇರುವಾಗ ಕಚ್ಚಾ ಹೊಲಿಗೆಯಲ್ಲಿ ಒಮ್ಮೆ ತೊಟ್ಟು ನೋಡಬೇಕು. ಕೊನೆಯ ವಾರದಲ್ಲಿ ಇನ್ನೊಮ್ಮೆ. ತೊಟ್ಟು ನೋಡುವಾಗ ಕನ್ನಡಿಯ ಮುಂದೆ ನಿಂತರಷ್ಟೇ ಸಾಲದು. ಕುಳಿತು, ಮೊಣಕಾಲೂರಿ, ಕೈಯೆತ್ತಿ, ಮೆಟ್ಟಿಲು ಹತ್ತಿ ನೋಡಬೇಕು. ಗಲ್ಫ್ ದೇಶಗಳಲ್ಲಿರುವ ಗೆಳತಿಯರು ಕೊನೆಯ ವಾರ ಊರಿಗೆ ಬರುವವರಾದರೆ ಬದಿಯ ಹೊಲಿಗೆಗಳಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡಿಸಬೇಕು. ಬೆನ್ನಿಗೆ ಜಿಪ್ ಬದಲು ದಾರದ ಕಟ್ಟು ಕೊಡಿಸಿದರೆ ಎರಡು ಮೂರು ಇಂಚಿನ ಏರುಪೇರನ್ನು ಅದೇ ನಿಭಾಯಿಸುತ್ತದೆ. ಓಡಾಟದಲ್ಲಿ ತೊಡೆ ಉಜ್ಜಿ ಉರಿಯಾಗದಂತೆ ಒಳಗೆ ಹತ್ತಿಯ ಚಡ್ಡಿ ಧರಿಸುವುದು ಸೆಕೆಯ ದಿನಗಳಲ್ಲಿ ಬಹು ಉಪಕಾರಿ.

ಮದುವೆಯ ಹೊತ್ತಿಗೆ ಇಷ್ಟು ಕಿಲೋ ಇಳಿಸುತ್ತೇನೆ ಎಂಬ ಲೆಕ್ಕದಲ್ಲಿ ಚಿಕ್ಕ ಅಳತೆಗೆ ಹೊಲಿಸಿಕೊಳ್ಳುವುದು ಬೇಡ. ಹೊಲಿದ ಉಡುಪನ್ನು ಹಿಡಿದು ಚಿಕ್ಕದು ಮಾಡುವುದು ಒಂದು ಸಂಜೆಯ ಕೆಲಸ; ಬಟ್ಟೆಯೇ ಇಲ್ಲದೆ ದೊಡ್ಡದು ಮಾಡುವುದು ಯಾವ ದರ್ಜಿಗೂ ಸಾಧ್ಯವಿಲ್ಲ. ಉಪವಾಸ ಬಿದ್ದು ನಿತ್ರಾಣಗೊಂಡ ಸಖಿ ಮದುವೆಯ ದಿನ ಗಂಟೆಗಟ್ಟಲೆ ನಿಲ್ಲುವುದೂ ಕಷ್ಟ.

ಮಾದರಿಯನ್ನು ಆರಿಸುವ ಮುನ್ನ ಮದುಮಗಳು ಪ್ರತಿಯೊಬ್ಬ ಸಖಿಯನ್ನೂ ಪ್ರತ್ಯೇಕವಾಗಿ ಕಂಡು, ಏನು ತೊಟ್ಟರೆ ನಿನಗೆ ಹಿತ ಎಂದು ಕೇಳುವುದರಿಂದ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಛಾಯಾಚಿತ್ರ ತೆಗೆಯುವಾಗ ತುಂಬು ಮೈಕಟ್ಟಿನವರನ್ನು ಹಿಂದಿನ ಸಾಲಿಗೆ ತಳ್ಳದಂತೆ ಛಾಯಾಗ್ರಾಹಕರಿಗೂ ಮೊದಲೇ ತಿಳಿಸಬಹುದು. ಮದುಮಗಳು ಸಖಿಯೆಂದು ಆರಿಸಿಕೊಂಡದ್ದು ಗೆಳತಿಯನ್ನು, ಆಕೆಯ ಅಳತೆಯನ್ನಲ್ಲ. ಮದುವೆಯ ದಿನ ಆಕೆ ಉಡುಪಿನ ಚಿಂತೆಯಿಲ್ಲದೆ ನಗುತ್ತ ಪಕ್ಕದಲ್ಲಿ ನಿಲ್ಲುವಂತಾದರೆ ಹೊಲಿಸಿದ ಉಡುಪು ಸಾರ್ಥಕ.