ಹಲ್ಲಿಗೆ ಕ್ಯಾಪ್ ಹಾಕಿಸಬೇಕೆಂದು ಹೃದಯದ ಮಾತ್ರೆ ನಿಲ್ಲಿಸಬೇಡಿ



ಹೃದಯದ ಡಾಕ್ಟರಿಗೆ ಹಲ್ಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಸ್ಟೆಂಟ್ ಹಾಕಿಸಿಕೊಂಡವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಇದು: "ಡಾಕ್ಟ್ರೇ, ಹಲ್ಲಿಗೆ ಕ್ಯಾಪ್ ಹಾಕಿಸಬೇಕು. ರಕ್ತ ತೆಳು ಮಾಡುವ ಮಾತ್ರೆ ಎಷ್ಟು ದಿನ ನಿಲ್ಲಿಸಲಿ?" ಕೆಲವರು ಕೇಳುವುದೂ ಇಲ್ಲ, ತಾವೇ ನಿಲ್ಲಿಸಿಬಿಡುತ್ತಾರೆ. ಊರಿನಿಂದ ಮಕ್ಕಳ ಮನೆಗೆಂದು ಪುಣೆಗೋ ಹೈದರಾಬಾದಿಗೋ ಬಂದ ಹಿರಿಯರ ಕಷ್ಟ ಇನ್ನೊಂದು ಬಗೆಯದು. ಫೈಲು ಊರಿನಲ್ಲಿ, ನೋಡುವ ಡಾಕ್ಟರೂ ಊರಿನಲ್ಲಿ, ಹಲ್ಲುನೋವು ಮಾತ್ರ ಇಲ್ಲಿ.

*ಕ್ಯಾಪ್ ಯಾಕೆ ಬೇಕು?*

ಹುಳುಕು ಆಳಕ್ಕೆ ಇಳಿದ, ಚಕ್ಕೆ ಎದ್ದ, ಅಥವಾ ರೂಟ್ ಕೆನಾಲ್ ಆದ ದವಡೆ ಹಲ್ಲು ಜಗಿಯುವ ಭಾರಕ್ಕೆ ಸೀಳಿಬಿಡಬಹುದು. ಅದಕ್ಕೇ ಹಲ್ಲನ್ನು ಸುತ್ತಲೂ ಒಂದೆರಡು ಮಿಲಿಮೀಟರ್ ತೇಯ್ದು, ಅಳತೆ ತೆಗೆದು, ಲೋಹ, ಪಿಂಗಾಣಿ ಅಥವಾ ಜಿರ್ಕೋನಿಯಾದ ಟೋಪಿಯನ್ನು ಸಿಮೆಂಟ್ ಹಾಕಿ ಕೂರಿಸುತ್ತಾರೆ. ಸಾಮಾನ್ಯವಾಗಿ ಎರಡು ಸಲ ಹೋಗಬೇಕು. ನಡುವಿನ ದಿನಗಳಿಗೆ ತಾತ್ಕಾಲಿಕ ಕ್ಯಾಪ್ ಇರುತ್ತದೆ.

*ಮಾತ್ರೆ ನಿಲ್ಲಿಸಬೇಕೇ?*

ಈ ಕೆಲಸದಲ್ಲಿ ಹಲ್ಲು ಕೀಳುವುದಿಲ್ಲ. ಹೆಚ್ಚೆಂದರೆ ಒಸಡಿನಿಂದ ಸ್ವಲ್ಪ ರಕ್ತ ಜಿನುಗುತ್ತದೆ, ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಆದರೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ನಿಲ್ಲಿಸಿದಾಗ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಹೃದಯಾಘಾತ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹಲ್ಲಿನ ಡಾಕ್ಟರು ನಿಲ್ಲಿಸಿ ಎಂದರೂ, ನಿಮ್ಮ ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡದೆ ನಿಲ್ಲಿಸಬೇಡಿ.

ಇತ್ತೀಚೆಗಷ್ಟೇ ಹೃದಯಾಘಾತವಾಗಿದ್ದರೆ, ಅವಸರವಿಲ್ಲದ ಕ್ಯಾಪ್ ಕೆಲಸವನ್ನು ಒಂದೆರಡು ತಿಂಗಳು ಮುಂದೂಡುವುದು ವಾಡಿಕೆ. ಕೀವು, ಬಾವು ಇದ್ದರೆ ಮಾತ್ರ ಕಾಯಬಾರದು.

*ಕೃತಕ ಕವಾಟ ಇರುವವರಿಗೆ*

ಇವರ ಲೆಕ್ಕ ಬೇರೆ. ಬಾಯಿಯ ಬ್ಯಾಕ್ಟೀರಿಯಾ ಒಸಡಿನಿಂದ ರಕ್ತಕ್ಕೆ ಇಳಿದು ಕವಾಟದ ಮೇಲೆ ಕೂತರೆ ಜೀವಕ್ಕೇ ಅಪಾಯ. ಒಸಡಿಗೆ ಕೈ ಹಾಕುವ ಕೆಲಸಕ್ಕೆ 30ರಿಂದ 60 ನಿಮಿಷ ಮುಂಚೆ ಒಂದು ಸಲ ಆಂಟಿಬಯೋಟಿಕ್ ಕೊಡುತ್ತಾರೆ. ಸಾಮಾನ್ಯವಾಗಿ ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ. ಪೆನಿಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಬೇರೆ ಔಷಧಿ ಇದೆ. ಹಿಂದೆ ಕವಾಟಕ್ಕೆ ಸೋಂಕು ಆಗಿದ್ದವರಿಗೂ, ಕೆಲವು ಹುಟ್ಟು ಹೃದ್ರೋಗಗಳಿಗೂ ಇದು ಬೇಕು. ಬರೀ ಸ್ಟೆಂಟ್ ಅಥವಾ ಬೈಪಾಸ್ ಆದವರಿಗೆ ಬೇಕಿಲ್ಲ.

ವಾರ್ಫರಿನ್, ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಕೆಲಸಕ್ಕೆ ಒಂದೆರಡು ದಿನ ಮುಂಚೆ ಐಎನ್‌ಆರ್ ಪರೀಕ್ಷೆ ಮಾಡಿಸಿ, ಆ ಚೀಟಿ ಜೊತೆಗಿರಲಿ. ಹಲ್ಲುನೋವಿಗೆ ಬರೆಯುವ ಮೆಟ್ರೊನಿಡಜೋಲ್ ಈ ಮಾತ್ರೆಗಳ ಜೊತೆ ಸೇರಿದರೆ ಐಎನ್‌ಆರ್ ಏರಿ ರಕ್ತಸ್ರಾವ ಆಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗಬೇಡಿ.

*ಹಲ್ಲಿನ ಡಾಕ್ಟರಿಗೆ ಹೇಳಬೇಕಾದ ಮಾತು*

👉 ಅಳತೆ ತೆಗೆಯುವ ಮುನ್ನ ಒಸಡು ಸರಿಸಲು ಹಲ್ಲಿನ ಸುತ್ತ ಸಣ್ಣ ದಾರ ಇಡುತ್ತಾರೆ. ಕೆಲವು ದಾರಗಳಲ್ಲಿ ಅಡ್ರಿನಲಿನ್ ಇರುತ್ತದೆ. ಹೃದ್ರೋಗಿಗಳಿಗೆ ಅದಿಲ್ಲದ ದಾರವೇ ಇರಲಿ.

👉 ನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಬದಲು ಪ್ಯಾರಾಸಿಟಮಾಲ್ ಕೇಳಿ.

👉 ಅಪ್ಪನಿಗೆ ಮರಾಠಿಯೋ ತಮಿಳೋ ಬರುವುದಿಲ್ಲ, ಕೇಳಿದರೆ "ಬಿಪಿ ಗುಳಿಗೆ" ಎಂದಷ್ಟೇ ಹೇಳುತ್ತಾರೆ. ಮಾತ್ರೆಯ ಪಟ್ಟಿಗಳನ್ನು ಸಾಲಾಗಿ ಇಟ್ಟು ಫೋಟೊ ತೆಗೆಯಿರಿ. ಡಿಸ್ಚಾರ್ಜ್ ಸಮ್ಮರಿಯ ಫೋಟೊ ಕೂಡ ಮಗನ, ಸೊಸೆಯ ಮೊಬೈಲಿನಲ್ಲಿರಲಿ.

*ಇದು ಹಲ್ಲುನೋವೇ?*

ತಣ್ಣಗಿನದು, ಬಿಸಿ ತಾಗಿದಾಗ, ಕಚ್ಚಿದಾಗ ಬರುವ ನೋವು ಸಾಮಾನ್ಯವಾಗಿ ಹಲ್ಲಿನದು. ಮೆಟ್ಟಿಲು ಹತ್ತುವಾಗ, ಲೋಕಲ್ ಹಿಡಿಯಲು ಬಿರುಸಾಗಿ ನಡೆಯುವಾಗ ದವಡೆ ಹಿಡಿದಂತಾಗಿ, ನಿಂತರೆ ಕಡಿಮೆಯಾಗುವ ನೋವು ಹೃದಯದ್ದಿರಬಹುದು. ಕ್ಯಾಪ್ ಹಾಕಿಸುವ ಮೊದಲು ಇಸಿಜಿ ಮಾಡಿಸಿ, ಹೃದಯದ ಡಾಕ್ಟರನ್ನು ಕಾಣಿ. ದವಡೆ ನೋವಿನ ಜೊತೆ ಬೆವರು, ಎದೆಭಾರ, ಏದುಸಿರು ಬಂದರೆ ಲವಂಗ ಕಚ್ಚಿಕೊಂಡು ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

*ಹಾಕಿಸಿದ ಮೇಲೆ*

ಕ್ಯಾಪಿಗೆ ಹುಳುಕು ಹಿಡಿಯದು, ಅದರ ಕೆಳಗಿನ ಹಲ್ಲಿಗೆ ಹಿಡಿಯುತ್ತದೆ. ಕ್ಯಾಪು ಮತ್ತು ಒಸಡು ಕೂಡುವ ಅಂಚನ್ನು ದಿನಕ್ಕೆರಡು ಸಲ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಸಂದಿಗೆ ಫ್ಲಾಸ್ ಬಳಸಿ. ಕ್ಯಾಪ್ ಅಲ್ಲಾಡಿದರೆ, ಒಸಡಿನಲ್ಲಿ ರಕ್ತ ಬಂದರೆ ತೋರಿಸಿ. ಮುರುಕು, ಉಂಡೆ ಸಿಕ್ಕಾಗ ಸ್ವಲ್ಪ ದಿನ ಇನ್ನೊಂದು ಪಕ್ಕದಲ್ಲಿ ಜಗಿಯಿರಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಕಳಿಸಿ. ಓದಲು ಕಷ್ಟವಾದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಒಂದೇ ಮಾತು ಹೇಳಿ: ಯಾರೇ ಹೇಳಲಿ, ನಮ್ಮನ್ನು ಕೇಳದೆ ಹೃದಯದ ಮಾತ್ರೆ ನಿಲ್ಲಿಸಬೇಡಿ.